ತಾಯಿ ನೋಡಿ ಗಿಡ ತಗೊ

ಕಾಮಗೆರೆಯಲ್ಲಿ ಯಾರ ಹಿತ್ತಲಿಗಾದರೂ ಹೋಗಿ, ‘ಇದರಲ್ಲಿ ದುಡ್ಡು ಕೊಟ್ಟು ತಂದ ಗಿಡ ಯಾವುದು?’ ಎಂದು ಕೇಳಿ ನೋಡಿ. ಮನೆಯೊಡತಿ ಕಕ್ಕಾಬಿಕ್ಕಿಯಾಗುತ್ತಾಳೆ. ಕರಿಬೇವು ತವರಿನದು, ನುಗ್ಗೆ ಹನೂರಿನ ಬೀಗರು ಕಡಿದುಕೊಟ್ಟ ಕೊಂಬೆ, ಕನಕಾಂಬರ ಎದುರುಮನೆಯದು, ಅವರೆ ಬೀಜ ಅತ್ತೆಯ ಸೀರೆ ಸೆರಗಿನ ಗಂಟಿನಲ್ಲಿ ಬಂದದ್ದು. ದೊಡ್ಡಪತ್ರೆ ಹೇಗೆ ಬಂತೆಂದು ಯಾರಿಗೂ ನೆನಪಿಲ್ಲ. ಅದು ಊರಿಗಿಂತ ಮೊದಲೇ ಬಂದಿತ್ತೋ ಏನೋ. ಕೊಂಡದ್ದು ಅಂತಿದ್ದರೆ ಅದೊಂದು ಕಸಿ ಗುಲಾಬಿ. ಅದೂ ಕಸಿ ಕಟ್ಟಿದ ಜಾಗದ ಕೆಳಗೆ ಹೊರಟ ಚಿಗುರನ್ನು ಚಿವುಟದೆ ಬಿಟ್ಟದ್ದರಿಂದ ಈಗ ಬರೀ ಮುಳ್ಳಿನ ಪೊದೆ.

ಬೇಡಿ ತರುವುದರಲ್ಲೂ ಒಂದು ತೊಡಕುಂಟು. ಕೇಳಿ ತಂದ ಗಿಡ ಹತ್ತುವುದಿಲ್ಲ, ಕದ್ದು ತಂದದ್ದು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನಮ್ಮ ಬೀದಿಯ ದೊಡ್ಡವ್ವನ ಹಿತ್ತಲಿನಲ್ಲಿ ಒಂದು ಸುತ್ತುಮಲ್ಲಿಗೆ ಬಳ್ಳಿ ಇದೆ. ಕಡ್ಡಿ ಕೊಡಿ ಎಂದರೆ, ‘ಕೊಟ್ರ ಬರದಿಲ್ಲ ಕನ ಕೂಸು, ನಾ ಒಳಕ್ಕೋಯ್ತಿನಿ, ನೀ ಕದ್ಕಂಡೋಗು’ ಅನ್ನುತ್ತಾಳೆ. ಹೇಳಿ ಒಳಗೆ ಹೋಗುತ್ತಾಳೆ, ಕಿಟಕಿಯಲ್ಲಿ ನಿಂತು, ‘ಅದಲ್ಲ, ಬಲತದ್ದ ಮುರಿ!’ ಎಂದು ಕೂಗುತ್ತಾಳೆ. ಈ ಕಳ್ಳತನದ ಹಿಂದೆ ಲೆಕ್ಕಾಚಾರವಿದೆ ಎಂದು ನನ್ನ ಅನುಮಾನ. ಕೊಟ್ಟ ಗಿಡ ಸತ್ತರೆ ಕೊಟ್ಟವರಿಗೆ ಮುಖ ತೋರಿಸಬೇಕು. ಕದ್ದದ್ದು ಸತ್ತರೆ ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ. ಕೊಟ್ಟವರ ಕೈಗುಣ ಸರಿಯಿಲ್ಲ ಎಂಬ ಮಾತೂ ಹುಟ್ಟುವುದಿಲ್ಲ.

ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲೇ ಊರಿರುವುದರಿಂದ ನಮಗೆ ಬೇರೆ ಕಳ್ಳರೂ ಉಂಟು. ಶಿವರಾತ್ರಿ, ದೀಪಾವಳಿಯ ಹೊತ್ತಿಗೆ ಪಾದಯಾತ್ರೆಯವರು ಬೇಲಿಯ ದಾಸವಾಳವನ್ನೆಲ್ಲ ಬೋಳಿಸಿಕೊಂಡು ಹೋಗುತ್ತಾರೆ. ‘ಮಾದಪ್ಪನಿಗೆ ಕಣಮ್ಮ’ ಎಂದುಬಿಟ್ಟರೆ ಮುಗಿಯಿತು, ಬೈಯುವಂತೆಯೂ ಇಲ್ಲ.

ಗಿಡದ ಮಾತು ಹೀಗಾದರೆ, ಈ ಕಡೆ ಮನೆಯೊಳಗೇ ಇಟ್ಟು ಸಾಕುವ ಪ್ರಾಣಿ ಎಂದರೆ ರೇಷ್ಮೆಹುಳು. ನಾಯಿ ಬೀದಿಯಲ್ಲಿ ಮಲಗುತ್ತದೆ, ಹಸು ಕೊಟ್ಟಿಗೆಯಲ್ಲಿ; ಹುಳುವಿಗೆ ಮಾತ್ರ ನಡುಮನೆ. ಅದು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಸೊಪ್ಪು ಹಾಕುವಂತಿಲ್ಲ, ಅಲುಗಾಡಿಸುವಂತಿಲ್ಲ. ನಾಲ್ಕು ಜ್ವರ ಎದ್ದು, ಮೇದು, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುವವರೆಗೆ ಮನೆಯಲ್ಲಿ ಬೀಡಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಪಕ್ಕದ ಹೊಲದವನು ಔಷಧಿ ಹೊಡೆದರೆ ಜಗಳ. ಹೆತ್ತ ಮಕ್ಕಳಿಗೂ ಇಷ್ಟು ಪಥ್ಯ ಮಾಡಿದವರನ್ನು ನಾನು ಕಂಡಿಲ್ಲ.

ಆದರೆ ಇಷ್ಟೆಲ್ಲ ಆರೈಕೆಯೂ ಮೊಟ್ಟೆ ಎಲ್ಲಿಂದ ಬಂತು ಎಂಬುದರ ಮುಂದೆ ಸೊನ್ನೆ. ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿದು ಬರುತ್ತದೆ. ಆಮೇಲೆ ನೀವು ಚಿನ್ನದ ತಟ್ಟೆಯಲ್ಲಿ ಸೊಪ್ಪಿಟ್ಟರೂ ಹುಳು ಉಳಿಯದು. 1865ರಲ್ಲಿ ಫ್ರಾನ್ಸಿನ ದಕ್ಷಿಣದ ರೇಷ್ಮೆ ಸೀಮೆ ಹೀಗೇ ಹಾಳಾಗುತ್ತಿದ್ದಾಗ ಸರ್ಕಾರ ಲೂಯಿ ಪಾಸ್ಚರನನ್ನು ಅಲ್ಲಿಗೆ ಕಳಿಸಿತು. ರೇಷ್ಮೆಹುಳುವಿನ ಗಂಧಗಾಳಿ ಇಲ್ಲದ ಆ ರಸಾಯನಶಾಸ್ತ್ರಿ ಕೆಲವು ವರ್ಷ ಒದ್ದಾಡಿ ಒಂದು ಉಪಾಯ ಹೇಳಿದ: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ನಾಶಮಾಡಿ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಇದೇ ಪರೀಕ್ಷೆ. ತಾಯಿ ನೋಡಿ ಹೆಣ್ಣು ತಗೊ ಎನ್ನುವ ನಮ್ಮ ಅಜ್ಜಿಯರು ಕೇಳಿದ್ದರೆ, ಇದನ್ನು ಹೇಳಲು ಅಷ್ಟು ದೂರದಿಂದ ಬರಬೇಕಿತ್ತೆ ಎನ್ನುತ್ತಿದ್ದರು. ಅಜ್ಜಿಯರು ತಾಯಿಯನ್ನು ಅರೆಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನೋಟದಲ್ಲೇ ಮುಗಿಸುತ್ತಿದ್ದರು.

ಮೊಟ್ಟೆ ಶುದ್ಧವಿದ್ದರೂ ಸಾಲದು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಅದರ ಮರಿ ಹುಳುವನ್ನು ಒಳಗೊಳಗೇ ತಿಂದು, ಗೂಡು ತೂತು ಮಾಡಿಕೊಂಡು ಹೊರಬೀಳುತ್ತದೆ. ಆಗ ಕಿಟಕಿಗಳಿಗೆ ಬಿದ್ದ ನೈಲಾನ್ ಬಲೆ ಇನ್ನೂ ಇಳಿದಿಲ್ಲ. ಇನ್ನೊಂದು, ಪಪ್ಪಾಯಿಯ ಹಿಟ್ಟು ತಿಗಣೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡದ್ದು, ಬೆಟ್ಟ ದಾಟಿ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ದಾಸವಾಳ, ಹುಳು ಮೇಯುವ ಹಿಪ್ಪುನೇರಳೆ ಒಂದನ್ನೂ ಬಿಡಲಿಲ್ಲ. ನಮ್ಮ ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಳೆಯ ನಂಟು ಇಂಥದ್ದರಲ್ಲೂ ಉಳಿದೀತೆಂದು ಯಾರೂ ಎಣಿಸಿರಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಪುಟ್ಟ ಕಣಜಗಳು ಅದರ ಹಾವಳಿಗೆ ಕಡಿವಾಣ ಹಾಕಿದವು. ನೆಂಟರ ಮನೆಯಿಂದ ದಾಸವಾಳದ ಕಡ್ಡಿ ತಂದರೆ ಎಲೆಯ ಅಡಿ ತಿರುಗಿಸಿ ನೋಡಿ ಎಂದು ನಾನು ಪೀಡಿಸುವುದು ಇದಕ್ಕೇ. ಅವರ ಮುಂದೆ ನೋಡಬೇಡಿ, ಬಸ್ ಹತ್ತಿದ ಮೇಲೆ ನೋಡಿ.

ಹಿತ್ತಲಿಗೆ ಬಂದದ್ದು ಹಿತ್ತಲಲ್ಲೇ ಇರುತ್ತದೆ ಎಂಬ ನೆಚ್ಚಿಕೆಯೂ ಬೇಡ. ಲಾಂಟಾನವನ್ನು ಹೂ ಚೆಂದ ಎಂದು ಅಮೆರಿಕ ಖಂಡದಿಂದ ಹತ್ತೊಂಬತ್ತನೇ ಶತಮಾನದ ಮೊದಲಿಗೆ ಕಲ್ಕತ್ತೆಯ ತೋಟಕ್ಕೆ ತಂದರು. ಬೇಲಿಗೂ ಆಯಿತು, ಹೂವಿಗೂ ಆಯಿತು. ಈಗ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಅದರ ಪೊದೆ ನುಗ್ಗಿ ನಡೆಯಲು ಕಾಡಿನಲ್ಲೇ ಹುಟ್ಟಿ ಬೆಳೆದ ಸೋಲಿಗರಿಗೇ ಕಷ್ಟ. ಕಾಡಿನ ಒಣ ಎಲೆಗೆ ತರಗುಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆಯೇ ಇದು ಕೊಬ್ಬಿದ್ದು ಎನ್ನುತ್ತಾರೆ ಅವರು, ಅವರ ಮಾತನ್ನು ತಳ್ಳಿಹಾಕಲು ನನಗೆ ಕಾರಣ ಕಾಣದು. ಮಾದಪ್ಪನ ಬೆಟ್ಟದ ಕಡೆ ಅದರ ಕಡ್ಡಿಯಿಂದ ಕುರ್ಚಿ, ಸೋಫಾ ಹೆಣೆಯುತ್ತಾರೆ. ಒಂದು ಕಾಡಿನಷ್ಟು ಕುರ್ಚಿಗೆ ಕೂರುವವರನ್ನು ಎಲ್ಲಿಂದ ತರುವುದು?

ಇದರ ತಿರುವುಮುರುವೂ ಉಂಟು: ಕಾಡಿನದನ್ನು ಹಿತ್ತಲಿಗೆ ತರುವ ಆಸೆ. ಗಿಣಿಮರಿ, ನಕ್ಷತ್ರ ಆಮೆ ಸಾಕಿದರೆ ಅದೃಷ್ಟ ಎನ್ನುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಅದೃಷ್ಟ ಅಲ್ಲಿಗೇ ಮುಗಿಯುತ್ತದೆ.

ಕೋಳಿಯ ಮಾತೇ ಬೇರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ದಪ್ಪಗಾಗುತ್ತದೆ, ಮೊಟ್ಟೆಯನ್ನೂ ಧಾರಾಳವಾಗಿ ಇಡುತ್ತದೆ, ಆದರೆ ಕಾವು ಕೂರಲೊಲ್ಲದು. ಕೂರಲು ನಾಟಿ ಕೋಳಿಯೇ ಬೇಕು. ಹೊಸ ಕೋಳಿ ಯಾರ ಮನೆಯಿಂದ ಬಂದರೂ ಒಂದೆರಡು ವಾರ ಮಂಕರಿ ಮುಚ್ಚಿ ದೂರವಿಡಬೇಕು; ಕೊಕ್ಕರೆ ರೋಗ ಹೊತ್ತು ತಂದಿದ್ದರೆ ಇಡೀ ಬೀದಿಯ ಕೋಳಿ ಗೂಡು ಖಾಲಿ. ನಮ್ಮಲ್ಲಿ ಬಡವರಿಗೆ ಕೋಳಿ ಸಿಗುವುದು ಬಹುಮಟ್ಟಿಗೆ ವಾರಕ್ಕೆ: ಹೇಟೆ ನಿಮ್ಮದು, ಸಾಕುವುದು ನಾನು, ಮರಿ ಸಮಪಾಲು. ಅದರಲ್ಲೊಂದು ಹುಂಜ ಚಿಕ್ಕಲ್ಲೂರ ಸಿದ್ದಪ್ಪಾಜಿಗೆ ಹರಕೆ ಬಿದ್ದರೆ, ಜನವರಿಯ ಜಾತ್ರೆಯ ಪಂಕ್ತಿಸೇವೆಯ ಊಟದವರೆಗೆ ಅದಕ್ಕೆ ರಾಜೋಪಚಾರ. ಯಾರ ರಾಗಿ ಹರಡಿದಲ್ಲಿ ಹೊಕ್ಕರೂ ಹೊಡೆಯುವಂತಿಲ್ಲ.

ವಾರದ ಈ ಪಾಲಿನ ಲೆಕ್ಕಕ್ಕೆ ಕಾಗದವಿಲ್ಲ, ಬಾಯಿಮಾತೇ ಪತ್ರ. ಹೋದ ಬೇಸಿಗೆಯಲ್ಲಿ ದೊಡ್ಡವ್ವನ ಹೇಟೆಯ ಮರಿಗಳಲ್ಲಿ ಎರಡನ್ನು ಮುಂಗುಸಿ ಹೊತ್ತುಕೊಂಡು ಹೋಯಿತು. ಸಾಕುತ್ತಿದ್ದವಳು, ನಷ್ಟವೂ ಸಮಪಾಲು ತಾನೆ, ಒಂದು ನಿನ್ನದು ಒಂದು ನನ್ನದು ಎಂದಳು. ದೊಡ್ಡವ್ವ ಎಲೆಅಡಿಕೆ ಮಡಿಸುತ್ತಾ ತಲೆಯೆತ್ತದೆ ಅಂದಳು: ‘ಕೀರ ಹೊತ್ಕಂಡೋದ್ದು ಎರಡೂ ನಿನ್ನ ಪಾಲಿಂದೇ ಕನ. ನನ್ನವು ಅಗಾ, ಅಲ್ಲಿ ಮೇಯ್ತಾ ಅವ.’