ಗದುಗಿನ ಪುಣ್ಯಾಶ್ರಮಕ್ಕೆ ನಮ್ಮ ಭೇಟಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಿಂದ ನಮ್ಮ ಶಾಲೆಗೆ ಹೆಣ್ಣುಮಕ್ಕಳು ಬರುವದು ವಾಚಕರಿಗೆ ತಿಳಿದ ಸಂಗತಿಯೇ. ಕಳೆದ ಬೇಸಿಗೆಯಲ್ಲಿ ಹಿರೇಕೆರೂರು ಕಡೆಯ ತಾಯಿಯೊಬ್ಬಳು, ಹುಟ್ಟಿನಿಂದಲೇ ಕಣ್ಣು ಕಾಣದ ತನ್ನ ಮಗಳನ್ನು ಎಂಟನೆಯ ಇಯತ್ತೆಗೆ ಸೇರಿಸಬೇಕೆಂದು ಕರೆತಂದಳು. ಗದುಗಿನ ಆಶ್ರಮದಲ್ಲಿ ವಿಚಾರಿಸಿದಿರಾ ಎಂದು ನಮ್ಮ ಶಿಕ್ಷಕಿಯೊಬ್ಬರು ಕೇಳಲು, "ಅಕ್ಕಾರ, ಈಕಿಗೆ ಹಾಡ ಬರೂದಿಲ್ರಿ, ಲೆಕ್ಕ ಬರತೈತ್ರಿ" ಎಂದು ಆ ತಾಯಿ ಉತ್ತರವಿತ್ತಳು.

ಸರಕಾರದ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳತಕ್ಕದ್ದೆಂದು 2016ರ ಕಾಯಿದೆಯು ವಿಧಿಸಿದೆ. ಆದರೆ ಕಾಣದ ಮಗುವಿಗೆ ತ್ರಿಕೋನವನ್ನು ಕಲಿಸುವ ಬಗೆಯನ್ನು ಕಾಯಿದೆಯು ಹೇಳಿಕೊಡುವದಿಲ್ಲ. ಆದಕಾರಣ ಇಂಥ ಮಕ್ಕಳನ್ನು ಬೆಳೆಸಿದ ಸ್ಥಳವನ್ನು ಮೊದಲು ಕಣ್ಣಾರೆ ನೋಡಿಬರಬೇಕೆಂದು, ಗಣಿತದ ಶಿಕ್ಷಕಿಯನ್ನೂ ಆ ತಾಯಿ ಮಗಳನ್ನೂ ಕರಕೊಂಡು ಹೊರಟೆವು.

ಸವಣೂರಿನಲ್ಲಿ ದೊಡ್ಡಹುಣಸೆ ಮರಗಳ ಬಳಿ ತುಸು ಹೊತ್ತು ನಿಂತೆವು. ಆಫ್ರಿಕ ಖಂಡದ ಈ ಮರಗಳು ನಮ್ಮ ಸೀಮೆಗೆ ಬಂದು ಎಷ್ಟೋ ಕಾಲವಾಯಿತು. ಹುಡುಗಿಯು ಕಾಂಡವನ್ನು ಎರಡೂ ಕೈಗಳಿಂದ ತಡವಿ, ಇದರ ಸುತ್ತಳತೆ ಎಷ್ಟೆಂದು ಕೇಳಿದಳು. ಮೂವರು ಕೈಗೆ ಕೈ ಜೋಡಿಸಿದರೂ ಅರ್ಧ ಸುತ್ತು ಆಗಲಿಲ್ಲ. ದಾರಿಯುದ್ದಕ್ಕೂ ಆಕೆಯು ಮಾರುಗಳನ್ನು ಗುಣಿಸುತ್ತಲೇ ಇದ್ದಳು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲವು ನಮ್ಮ ಹಾನಗಲ್ಲ ತಾಲೂಕಿನಲ್ಲಿದೆಯೆಂಬುದನ್ನು ಅನೇಕರು ಮರೆತಿರುವರು. ಪಂಚಾಕ್ಷರ ಗವಾಯಿಗಳು 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಕುರುಡ ಬಾಲಕನ ಕಂಠವನ್ನು ಗುರುತಿಸಿ ಆಶ್ರಯವಿತ್ತವರು ಹಾನಗಲ್ಲ ಕುಮಾರ ಸ್ವಾಮಿಗಳು. ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳು ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸಿ, ಅನ್ನವಿಕ್ಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಬಳಿಕ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅದೇ ತಾಲೂಕಿನವರು, ಅವರೂ ಅಂಧರು, 2010ರವರೆಗೆ ಬಾಳಿದರು. ನಮ್ಮ ಧರ್ಮ ಬೇರೆ, ಅವರದು ಬೇರೆ. ಆದರೂ ಆ ಅಂಗಳದಲ್ಲಿ ನಾವು ಪರಕೀಯರೆನಿಸಲಿಲ್ಲ.

ಒಳಗೆ ಹಾರ್ಮೋನಿಯಂ, ತಬಲಾಗಳ ನಾದವು ಏಕಕಾಲಕ್ಕೆ ಕೇಳಿಬರುತ್ತಿತ್ತು. ಕಂಬವನ್ನಾಗಲಿ ಮೆಟ್ಟಿಲನ್ನಾಗಲಿ ಎಡವದೆ ಹುಡುಗರು ಓಡಾಡುವದನ್ನು ಕಂಡು ನಾವೇ ಅಂಜಂಜಿ ಹೆಜ್ಜೆಯಿಟ್ಟೆವು. ಒಬ್ಬ ಬಾಲಕನು ಬ್ರೈಲ್ ಪಾಟಿಯನ್ನು ತಂದು ನಮ್ಮ ಹುಡುಗಿಯ ಕೈಗಿತ್ತನು. ಇದರಲ್ಲಿ ಮೊಳೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದುವದು. ಆರೇ ಚುಕ್ಕೆಗಳ ಮನೆ. ಅದರಲ್ಲಿ ಒಂದನೆಯ ಮೂರನೆಯ ಚುಕ್ಕೆಗಳು ಕೂಡಿದರೆ "ಕ". ನಮ್ಮ ಒತ್ತಕ್ಷರವು ಇಲ್ಲಿ ಕೆಳಗಿಳಿಯದೆ, ಮುಂದೊಂದು ಗುರುತು ಹೊತ್ತು ಸಾಲಿನಲ್ಲಿಯೇ ನಿಲ್ಲುವದು. ಇದನ್ನು ಕೇಳಿ ಗಣಿತದ ಶಿಕ್ಷಕಿಗೆ ಆದ ಸಂತೋಷವನ್ನು ಹೇಳತೀರದು.

ಹಾಡುವ ಕುರುಡನನ್ನು ನಮ್ಮ ಜನ ಕೈಮುಗಿದು ಗೌರವಿಸುತ್ತಾರೆ. ಅದು ಗವಾಯಿಗಳಿಬ್ಬರು ಗಳಿಸಿಕೊಟ್ಟ ಮರ್ಯಾದೆ. ಆದರೆ ಹಾಡಲಾರದ ಮಗುವನ್ನು ಕಂಡಾಗ ನಮ್ಮಲ್ಲಿ "ಪಾಪ" ಎಂಬುದಕ್ಕಿಂತ ಹೆಚ್ಚಿನ ಮಾತು ಹೊರಡುವದಿಲ್ಲ. ಹೆಣ್ಣಾದರಂತೂ ಮನೆಯ ಮೂಲೆಯೇ ಗತಿ. ಅಮೃತಸರದಲ್ಲಿ ಮಿಶನರಿ ಆನಿ ಶಾರ್ಪ್ ಎಂಬವರು 1887ರಲ್ಲಿ ಅಂಧರಿಗಾಗಿ ಶಾಲೆ ತೆರೆದರು. ಅಂದಿನಿಂದ ಇಷ್ಟು ವರ್ಷಗಳು ಸಂದಿದ್ದರೂ ನಮ್ಮ ನಾಲ್ಕು ತಾಲೂಕುಗಳ ಎಷ್ಟು ತಾಯಂದಿರು ಇಂಥ ಮಗಳನ್ನು ಹೊರಗೆ ಕರೆತಂದಾರು?

ಹುಡುಗಿಯು ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ಸೇರಿದಳು, ಬೋರ್ಡಿಂಗಿನಲ್ಲಿಯೇ ಇರುವಳು. ರೇಖಾಗಣಿತದ ಆಕೃತಿಗಳನ್ನು ರಟ್ಟಿನ ಮೇಲೆ ದಾರ ಅಂಟಿಸಿ ತಯಾರಿಸುತ್ತಿದ್ದೇವೆ. ಹತ್ತಿರದಲ್ಲಿರುವ ಹಳೆಯ ವಿದ್ಯಾರ್ಥಿನಿಯರು ಶನಿವಾರ ಮಧ್ಯಾಹ್ನ ಒಂದು ತಾಸು ಬಂದು ಆಕೆಗೆ ಪಾಠಪುಸ್ತಕಗಳನ್ನು ಓದಿಹೇಳಲು ಸಾಧ್ಯವಾದರೆ ದಯವಿಟ್ಟು ಪತ್ರ ಬರೆಯಿರಿ. ಇತಿಹಾಸವನ್ನು ಓದುವವರು ಈಗಾಗಲೇ ಸಿಕ್ಕಿದ್ದಾರೆ; ವಿಜ್ಞಾನಕ್ಕೆ ಯಾರೂ ಇಲ್ಲ.