ಕಲ್ಪೇನಿಯ ಜೋಡಿ ಮೀನುಗಳು

ಲಕ್ಷದ್ವೀಪಕ್ಕೆ ಹೊರಡುವವರಿಗೆ ಈಜು ಬರದಿದ್ದರೂ ನಡೆದೀತು, ತಾಳ್ಮೆ ಇರಲೇಬೇಕು. ಪ್ರವೇಶ ಪರವಾನಗಿ, ಪೊಲೀಸ್ ಠಾಣೆಯ ದೃಢೀಕರಣ, ಹಡಗಿನ ಟಿಕೆಟು ಇವು ಮೂರೂ ಕೈಗೆ ಬರುವಷ್ಟರಲ್ಲಿ ನಮಗೆ ಎರಡು ತಿಂಗಳು ಹಿಡಿಯಿತು. 2019ರ ಜನವರಿಯಲ್ಲಿ ಸಂಕ್ರಾಂತಿ ರಜೆಗೆ ಇನ್ನಷ್ಟು ದಿನ ಸೇರಿಸಿಕೊಂಡು, ಮಕ್ಕಳನ್ನು ಚಿಕ್ಕಬಾಣಾವರದಲ್ಲಿ ಅತ್ತೆಯವರ ಬಳಿ ಬಿಟ್ಟು, ನಾನೂ ನನ್ನವರೂ ಹೊರಟೆವು. ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ನಾವಿಬ್ಬರೇ ಹೋದ ಮೊದಲ ಪ್ರವಾಸ ಅದು. ಪೀಣ್ಯದ ಕಾರ್ಖಾನೆಯಿಂದ ಇವರಿಗೆ ರಜೆ ಸಿಕ್ಕಿದ್ದೇ ದೊಡ್ಡ ವಿಷಯ.

ಎರ್ನಾಕುಲಂವರೆಗೆ ಕನ್ಯಾಕುಮಾರಿ ರೈಲು. ಹಳಬರು ಇದನ್ನು ಐಲ್ಯಾಂಡ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಹಿಂದೆ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದವರೆಗೆ ಹೋಗುತ್ತಿದ್ದುದರಿಂದ ಅದಕ್ಕೆ ಆ ಹೆಸರು. ನಮ್ಮ ಹಡಗು ಎಂ.ವಿ. ಕವರತ್ತಿ ಹೊರಟದ್ದೂ ಅದೇ ದ್ವೀಪದಿಂದ. 2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಆರಂಭವಾಯಿತು. ಆದರೂ ಸಮುದ್ರ ನೋಡಲೆಂದು ಹೋಗುವವರು ಸಮುದ್ರದ ಮೇಲೆಯೇ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಫಜ್ರ್ ನಮಾಝ್ ಮುಗಿಸಿ ಡೆಕ್ಕಿಗೆ ಬಂದಾಗ ಡಾಲ್ಫಿನ್‌ಗಳ ಗುಂಪೊಂದು ಹಡಗಿನ ಮೂತಿಯ ಮುಂದೆ ಹಾರಿ ಹಾರಿ ಓಡುತ್ತಿತ್ತು. ವಿಮಾನದಲ್ಲಿ ಇದೆಲ್ಲಿ ಸಿಗಬೇಕು? ಅವುಗಳ ಆಚೆ ಹಾರುವ ಮೀನುಗಳು ಯಾರೋ ಹಿಡಿ ಕಲ್ಲು ಬೀಸಿದಂತೆ ನೀರಿನಿಂದೆದ್ದು ದೂರ ಹೋಗಿ ಬೀಳುತ್ತಿದ್ದವು.

ಲಕ್ಷದ್ವೀಪದಲ್ಲಿ 36 ದ್ವೀಪಗಳೆಂದು ಲೆಕ್ಕ, ಜನವಸತಿ ಇರುವುದು ಹತ್ತರಲ್ಲಿ. ಎಲ್ಲ ಸೇರಿದರೂ ನೆಲ 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಂತೆ ಸುಮಾರು 64 ಸಾವಿರ ಜನ, ಬಹುತೇಕ ಎಲ್ಲರೂ ಮುಸ್ಲಿಮರು. ನಮ್ಮ ಹಡಗು ಹಗಲು ಒಂದೊಂದು ದ್ವೀಪದ ಬಳಿ ನಿಲ್ಲುತ್ತಿತ್ತು, ರಾತ್ರಿ ಮಲಗುವುದು ಹಡಗಿನಲ್ಲೇ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ, ಕವರತ್ತಿಯಲ್ಲಿ ಮರಗೆತ್ತನೆಯ ಮಾಳಿಗೆಯ ಉಜ್ರಾ ಮಸೀದಿ ನೋಡಿದೆವು. ನನ್ನ ಮನಸ್ಸು ನಿಂತದ್ದು ಮಾತ್ರ ಕಲ್ಪೇನಿಯಲ್ಲಿ.

ಕಲ್ಪೇನಿಯ ಸುತ್ತ ಹವಳದ ದಿಬ್ಬವಿರುವುದರಿಂದ ಹಡಗು ದೂರದಲ್ಲೇ ನಿಂತಿತು. ಕುಲುಕುವ ಏಣಿಯಿಂದ ಸಣ್ಣ ದೋಣಿಗೆ ಇಳಿಯಬೇಕು. ಎರಡು ಅಲೆಗಳ ನಡುವೆ ದೋಣಿ ಮೇಲಕ್ಕೆದ್ದಾಗ ನಾವಿಕರು ತೋಳು ಹಿಡಿದು ಇಳಿಸಿಬಿಡುತ್ತಾರೆ. ಬುರ್ಖಾದ ಸಹೋದರಿಯರು ಅಂಚನ್ನು ಎತ್ತಿ ಪಿನ್ ಹಾಕಿಕೊಳ್ಳುವುದು ಒಳ್ಳೆಯದು. ದಿಬ್ಬ ದಾಟಿದ ಕೂಡಲೇ ಅಲೆ ಅಡಗಿ, ಲಗೂನ್ ಎಂದು ಕರೆಯುವ ತಿಳಿನೀರಿನ ಕೊಳ ಶುರುವಾಯಿತು. ನಮ್ಮೂರ ಕೆರೆಯಲ್ಲಿ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತರೆ ನಮ್ಮ ಪಾದ ನಮಗೇ ಕಾಣುವುದಿಲ್ಲ. ಇಲ್ಲಿ ಎರಡಾಳು ಆಳದಲ್ಲಿ ಬಿದ್ದ ಚಿಪ್ಪಿನ ಗೆರೆಗಳನ್ನೂ ಎಣಿಸಬಹುದಿತ್ತು.

ಹೆಣ್ಣುಮಕ್ಕಳಿಗೆ ಓದು ಸಲ್ಲದೆಂದು ಜನ ತಿಳಿದಿದ್ದ ಕಾಲದಲ್ಲಿ ಲಕ್ಷದ್ವೀಪದ ಹುಡುಗಿಯರು ಮೊದಲು ಶಾಲೆಗೆ ಹೋದದ್ದು ಇದೇ ಕಲ್ಪೇನಿಯಲ್ಲಂತೆ. ಪಾಠ ಹೇಳುವವಳಾದ್ದರಿಂದ ಈ ಮಾತು ನನಗೆ ಎಳನೀರಿಗಿಂತ ತಂಪಾಗಿ ಕೇಳಿಸಿತು.

ಮಧ್ಯಾಹ್ನ ಇವರು ಒಂದು ಪುಟ್ಟ ಹಾಯಿದೋಣಿ ಗೊತ್ತುಮಾಡಿದರು. ದೋಣಿಯಾತ ಅರವತ್ತು ದಾಟಿದವರು. ಮಲಯಾಳಂ, ಅರೆಬರೆ ಹಿಂದಿ. ನಾವು ಇಕ್ಕಾ ಎಂದೇ ಕರೆದೆವು. ಹಾಯಿ ಬಿಚ್ಚುತ್ತಾ ಅವರು ತಮ್ಮ ಅಜ್ಜನ ಓಡಂ ಬಗ್ಗೆ ಹೇಳಿದರು. ಓಡಂ ಎಂದರೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ಹಾಯಿಹಡಗು. ಮಳೆಗಾಲ ಕಳೆದ ಮೇಲೆ ಹುರಿ, ಕೊಬ್ಬರಿ ತುಂಬಿಕೊಂಡು ಕಲ್ಲಿಕೋಟೆಗೋ ಮಂಗಳೂರಿಗೋ ಹೋಗಿ ಅಕ್ಕಿ ತರುತ್ತಿದ್ದರು. ದಾರಿಗೆ ನಕ್ಷತ್ರಗಳೂ, ‘ರಹ್ಮಾನಿ’ ಎಂಬ ಕೈಬರಹದ ನೌಕಾ ಪುಸ್ತಕಗಳೂ ಆಧಾರ. ಹಡಗಿನಲ್ಲಿ ಹೋಗುತ್ತಿದ್ದ ಹುರಿಯನ್ನು ಹೊಸೆಯುತ್ತಿದ್ದವರು ಮನೆಯ ಹೆಂಗಸರು. ಗಂಡಸರು ತಿಂಗಳುಗಟ್ಟಲೆ ಕಡಲಲ್ಲಿದ್ದಾಗ ಮನೆ ನಡೆಸುತ್ತಿದ್ದವರೂ ಅವರೇ.

ನಮ್ಮ ನಾಡಿಗೂ ಈ ಹಾಯಿಗಳಿಗೂ ಹಳೆಯ ನಂಟು. 1780ರ ದಶಕದಲ್ಲಿ ಅಮಿನಿ ದ್ವೀಪದವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಟಿಪ್ಪು ಸುಲ್ತಾನರ ಮೊರೆಹೋದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಉತ್ತರದ ದ್ವೀಪಗಳು ಕಂಪೆನಿಯ ಪಾಲಾದವು. 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಲ್ಪೇನಿ ಆ ಗುಂಪಿನದಲ್ಲ, ಆದರೆ ಮಂಗಳೂರಿನ ಬಂದರ್ ಗೊತ್ತೇ ಎಂದಾಗ ಇಕ್ಕಾ ನಕ್ಕರು. ಮಂಜಿಗಳಲ್ಲಿ ತರಕಾರಿ, ಸಿಮೆಂಟು ಬರುವುದು ಅಲ್ಲಿಂದಲೇ ಅಲ್ಲವೇ ಎಂದರು.

ಆಮೇಲೆ ತಳಕ್ಕೆ ಗಾಜು ಕೂರಿಸಿದ ಒಂದು ಮರದ ಪೆಟ್ಟಿಗೆ ಕೊಟ್ಟು, ನೀರಿಗೆ ಒತ್ತಿ ಹಿಡಿದು ನೋಡಿ ಎಂದರು. ಈಜು ಬಾರದ ನನ್ನಂಥವರಿಗೆ ಅದಕ್ಕಿಂತ ಬೇರೆ ಸೌಕರ್ಯ ಬೇಡ.

ಹವಳವೆಂದರೆ ಕಲ್ಲೆಂದು ನಾವು ತಿಳಿದಿರುತ್ತೇವೆ. ಅದು ಜೀವಿ. ಸಾಸಿವೆಯಷ್ಟು ದೊಡ್ಡ ಪ್ರಾಣಿಗಳು ಲಕ್ಷಗಟ್ಟಲೆ ಸೇರಿ ತಮ್ಮ ಸುತ್ತ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಅನ್ನ ಮಾಡಿ ಕೊಡುತ್ತದೆ, ಬಣ್ಣವನ್ನೂ ಕೊಡುತ್ತದೆ. ಜಿಂಕೆಯ ಕೊಂಬಿನಂತೆ, ಅಣಬೆಯಂತೆ, ಮಡಚಿಟ್ಟ ದುಪ್ಪಟ್ಟಾದಂತೆ ಎಷ್ಟೊಂದು ರೂಪ! ಅದರ ನಡುವೆ ಹಸಿರು, ನೀಲಿ ಬಣ್ಣದ ಗಿಣಿಮೀನುಗಳು ಹವಳವನ್ನು ಕಡಿಯುವ ಕಟಕಟ ಸದ್ದು ದೋಣಿಯವರೆಗೂ ಬಂತು. ಅವು ಕಡಿದ ಸುಣ್ಣ ಹೊಟ್ಟೆಯಲ್ಲಿ ಪುಡಿಯಾಗಿ ಮರಳಾಗಿ ಹೊರಬೀಳುತ್ತದೆ. ದ್ವೀಪದ ಆ ಬೆಳ್ಳನೆಯ ಮರಳಿನ ದೊಡ್ಡ ಪಾಲು ಈ ಮೀನುಗಳ ಕೆಲಸವೆಂದು ತಿಳಿದಾಗ ಇವರು ತಮ್ಮ ಕಾಲ ಬೆರಳಿಗೆ ಅಂಟಿದ ಮರಳನ್ನು ಇನ್ನೊಮ್ಮೆ ನೋಡಿಕೊಂಡರು.

ಅಷ್ಟರಲ್ಲಿ ಹಳದಿ ಮೈಗೆ ಕಪ್ಪು ಪಟ್ಟೆಯ ಎರಡು ಮೀನುಗಳು ಬಂದವು. ಒಂದು ಹವಳದ ಮರೆಗೆ ಹೋದರೆ ಇನ್ನೊಂದು ಆಚೆಯಿಂದ ಸುತ್ತಿ ಬಂದು ಸೇರಿಕೊಳ್ಳುತ್ತಿತ್ತು. ಚಿಟ್ಟೆಮೀನು, ಲಕ್ಷದ್ವೀಪದ ಅಧಿಕೃತ ಮೀನು. ಇದರ ಹಲವು ಜಾತಿಗಳು ಜೋಡಿಯಾಗಿಯೇ ಬದುಕುತ್ತವೆ; ಒಂದೇ ಹವಳದ ಬಯಲಿನಲ್ಲಿ ಅದೇ ಸಂಗಾತಿಯೊಂದಿಗೆ ವರ್ಷಗಟ್ಟಲೆ ಇರುತ್ತವೆ. “ನೋಡು, ನಮಗಿಂತ ಚೆನ್ನಾಗಿ ಹೊಂದಿಕೊಂಡಿವೆ” ಎಂದರು ಇವರು. “ರೀ, ಅವಕ್ಕೆ ಶಿಫ್ಟ್ ಡ್ಯೂಟಿ ಇಲ್ಲವಲ್ಲ” ಎಂದೆ. ಇಕ್ಕಾಗೆ ಏನು ಅರ್ಥವಾಯಿತೋ, ಅವರೂ ನಕ್ಕರು.

ಈ ಜೋಡಿಯ ಕಷ್ಟವಿರುವುದು ಊಟದಲ್ಲಿ. ಇಂಥ ಬಹಳಷ್ಟು ಚಿಟ್ಟೆಮೀನುಗಳು ಜೀವಂತ ಹವಳವನ್ನೇ ತಿಂದು ಬದುಕುತ್ತವೆ. ನೀರಿನ ಬಿಸಿ ಮಿತಿಮೀರಿದರೆ ಹವಳವು ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ನಾವು ನೋಡಿದ್ದು ಮೂರನೆಯ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿದ್ದ ಹವಳ. ಎಡಗಡೆಯ ಬೂದು ಬಣ್ಣದ ಒಂದು ರಾಶಿ ತೋರಿಸಿ ಇಕ್ಕಾ, “ಅದು ಎದ್ದಿಲ್ಲ” ಎಂದಷ್ಟೇ ಹೇಳಿದರು.

ಹಿಂದಿರುಗುವಾಗ ಹಸಿರು ಕಡಲಾಮೆಯೊಂದು ದೋಣಿಯ ಅಡಿಯಲ್ಲಿ ತೇಲಿತು. ನಾನು ಸುಬ್ಹಾನಲ್ಲಾಹ್ ಎಂದೆ, ಇಕ್ಕಾ ಹುಬ್ಬು ಗಂಟಿಕ್ಕಿದರು. ಹಿಂದೆ ಆಮೆಯ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆಯ ನಂತರ ಅದಕ್ಕೆ ರಕ್ಷಣೆ ಸಿಕ್ಕಿತು. ಆಮೆಗಳು ಹೆಚ್ಚಿದ ಅಗತ್ತಿಯ ಲಗೂನಿನಲ್ಲಿ ಅವು ಕಡಲಹುಲ್ಲನ್ನೆಲ್ಲ ಮೇಯ್ದು, ಹುಲ್ಲಿನಲ್ಲಿ ಬೆಳೆಯುವ ಮೀನು ಕಡಿಮೆಯಾಗಿ, ಬೆಸ್ತರಿಗೂ ಆಮೆಗಳಿಗೂ ಜಗಳವೇ ಬಿದ್ದಿತು. ದೂರದಿಂದ ಬಂದವರ ಕಣ್ಣಿಗೆ ಚೆಂದವಾದದ್ದು ಅಲ್ಲಿಯವರ ತಟ್ಟೆಗೆ ಕುತ್ತಾಗುವುದೂ ಉಂಟು. ಯಾರದು ಸರಿ ಎಂದು ಹೇಳಲು ನನಗಂತೂ ಧೈರ್ಯವಿಲ್ಲ.

ಹವಳ ಹೋದರೆ ಮೀನಷ್ಟೇ ಹೋಗುವುದಿಲ್ಲ. ಅಲೆಯನ್ನು ತಡೆಯುವ ಗೋಡೆ ಅದೇ. ಕುಡಿಯುವ ಸಿಹಿನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ; ಕಡಲು ಒಳನುಗ್ಗಿದರೆ ಬಾವಿಗಳೇ ಉಪ್ಪಾಗುತ್ತವೆ. ಬಂಗಾರಂ ಬಳಿಯ ಪರಳಿ-1 ಎಂಬ ನಿರ್ಜನ ದ್ವೀಪ 1968ರಲ್ಲಿ 0.032 ಚದರ ಕಿಲೋಮೀಟರ್ ಇತ್ತು. ಅದು ಪೂರ್ತಿ ಕೊಚ್ಚಿಹೋಗಿದೆ ಎಂದು ಆರ್.ಎಂ. ಹಿದಾಯತುಲ್ಲಾ ಅವರ ಅಧ್ಯಯನ 2017ರಲ್ಲಿ ತಿಳಿಸಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ 2022ರ ನಡುವೆ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ.

2024ರ ಮೇ ತಿಂಗಳಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಲಕ್ಷದ್ವೀಪದ ಹವಳ ಮತ್ತೆ ವ್ಯಾಪಕವಾಗಿ ಬಿಳಿಚಿಕೊಂಡಿದೆ ಎಂದು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ ದಿನವೇ ಇವರು ಇಕ್ಕಾಗೆ ಫೋನ್ ಮಾಡಿದರು. ನೀರು ಬಿಸಿಯಿದೆ, ನಾವು ಗಾಜಿಟ್ಟು ನೋಡಿದ ಜಾಗವೂ ಬೆಳ್ಳಗಾಗಿದೆ ಎಂದರಂತೆ. ಗಿಣಿಮೀನುಗಳಿವೆ, ಆಮೆಗಳಿವೆ. ಆ ಹಳದಿ ಜೋಡಿ ಎಂದು ಇವರು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಕಬೇಕು” ಎಂದರು.