ಕಿಚ್ಚು ಹಾಯುವ ಸಂಜೆ

ಹೊಳೆನರಸೀಪುರದ ಸುತ್ತಿನ ಹೊಳೆಸಾಲಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ಹಗಲೆಲ್ಲ ದನಗಳದ್ದೇ. ಹೇಮಾವತಿಯಲ್ಲಿ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಸಂಜೆ ಊರಮುಂದಿನ ಬಯಲಿನಲ್ಲಿ ಹುಲ್ಲು ಹರಡಿ ಬೆಂಕಿ ಇಟ್ಟರೆ, ಎತ್ತುಗಳು ಹಗ್ಗ ಹಿಡಿದವನನ್ನೂ ಎಳೆದುಕೊಂಡೇ ಕಿಚ್ಚು ಹಾಯುತ್ತವೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯೂ ಇದೇ ನೋಟ. ಟ್ರ್ಯಾಕ್ಟರು ಬಂದ ಮೇಲೆ ಎತ್ತುಗಳೇ ಕಡಿಮೆ, ಅಷ್ಟೆ.

ದೂರದ ರಷ್ಯದಲ್ಲೂ ಚಳಿಗಾಲವನ್ನು ಕಳಿಸಿಕೊಡಲು ಊರಿನ ಚೌಕದಲ್ಲಿ ಹುಲ್ಲಿಗೆ ಬೆಂಕಿ ಇಡುತ್ತಾರೆ. ಹಬ್ಬದ ಹೆಸರು ಮಾಸ್ಲೆನಿತ್ಸ. ವಾರವಿಡೀ ಸೂರ್ಯನಂತೆ ದುಂಡಗಿರುವ, ದೋಸೆಯಂಥ ‘ಬ್ಲಿನಿ’ ತಿಂದು, ಕಡೆಯ ದಿನ ಹುಲ್ಲಿನ ಬೊಂಬೆ ಸುಡುತ್ತಾರೆ. ಅದರ ದಿನ ಈಸ್ಟರಿನ ಜೊತೆ ಬದಲಾಗುತ್ತದೆ. ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15.

ಮಕ್ಕಳಿಗೆ ತೊಡಕಾಗುವುದು ಇಲ್ಲೇ. ಪಾಠದ ಪ್ರಕಾರ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಮನೆಯಲ್ಲಿ ಹಿರಿಯರು ಸಂಕ್ರಾಂತಿಗೇ ಉತ್ತರಾಯಣ ಎನ್ನುತ್ತಾರೆ. ಎರಡೂ ಸರಿ ಎಂದು ತೇಲಿಸಿಬಿಡುವುದು ಸುಲಭ. ಆದರೆ ಸೂರ್ಯ ತಿರುಗುವುದು ಡಿಸೆಂಬರಿನಲ್ಲೇ. ಸಂಕ್ರಾಂತಿ, ಪಂಚಾಂಗದ ಲೆಕ್ಕದಲ್ಲಿ ಅವನು ಮಕರರಾಶಿ ಹೊಗುವ ದಿನ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ಮೆಲ್ಲಗೆ ಓಲಾಡುವುದರಿಂದ, ಸುಮಾರು 72 ವರ್ಷಕ್ಕೊಂದು ದಿನದಂತೆ ಅಂತರ ಬೆಳೆದಿದೆ. ಈಗ ಕಿಚ್ಚು ನೋಡುವ ಹುಡುಗರ ಮೊಮ್ಮಕ್ಕಳಿಗೆ, ಮುಂದಿನ ಶತಮಾನದಲ್ಲಿ, ಸಂಕ್ರಾಂತಿ ಜನವರಿ 16ಕ್ಕೂ ಬಂದೀತು.